ಐವರನ್ನು ಕೊಟ್ಟು ಐವರನ್ನು ತಂದದ್ದು

ಆಟಗಾರರನ್ನು ಅದಲುಬದಲು ಮಾಡುವ ಕೆಲಸಕ್ಕೆ ಕೈ ಹಾಕಿದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಅವನ ವಿಳಾಸ ಕೇಳಿಕೊಂಡು ಬರುತ್ತದೆ. ನಾನು ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಫುಟ್‌ಬಾಲ್ ತಂಡದ ಕೋಚ್. ನಮ್ಮವರು ವಾರವಿಡೀ ತೋಟದಲ್ಲಿ ದುಡಿದು ಭಾನುವಾರ ಆಡುವವರು. ಇರುವುದು ಹನ್ನೊಂದೇ ಜನ. ಗ್ರೌಂಡು ಎಸ್ಟೇಟಿನ ಧಣಿಗಳದು. ಪ್ರತಿವರ್ಷ ಫೈನಲ್‌ನಲ್ಲಿ ನಾವು ಆಲ್ದೂರಿನವರ ಕೈಲಿ ಸೋಲುವುದನ್ನು ನೋಡಿ ನೋಡಿ ಧಣಿಗಳಿಗೂ ಸಾಕಾಗಿತ್ತು.

"ಕೋಚೇ, ಈ ಸಲ ಕಪ್ ಬರದಿದ್ರೆ ಗ್ರೌಂಡಿಗೆ ಬೆಣ್ಣೆಹಣ್ಣಿನ ಸಸಿ ಹಾಕಿಸ್ತೀನಿ. ಗುಂಡಿ ತೋಡೋಕೆ ಜನಕ್ಕೂ ಹೇಳಿ ಆಗಿದೆ" ಎಂದರು.

ನನಗೆ ಆ ಗ್ರೌಂಡೆಂದರೆ ಜೀವ. ಅವತ್ತೇ ಆಲ್ದೂರಿನ ಕೋಚಿಗೆ ಫೋನ್ ಮಾಡಿ, ಒಬ್ಬನನ್ನು ಕೊಟ್ಟು ಒಬ್ಬನನ್ನು ತರುವ ಮಾತು ತೆಗೆದೆ. ಅವರಿಗೂ ನಮ್ಮ ಕೆಲವರ ಮೇಲೆ ಕಣ್ಣಿತ್ತು, ಒಪ್ಪಿದರು.

ಫಾರ್ವರ್ಡು

ಮೊದಲು ತಂದದ್ದು ಅವರಲ್ಲಿ ರಾಶಿ ಗೋಲು ಹೊಡೆದಿದ್ದ ಫಾರ್ವರ್ಡನ್ನು. ನಮ್ಮಲ್ಲಿ ತಿಂಗಳಾದರೂ ಅವನಿಂದ ಒಂದು ಗೋಲಿಲ್ಲ. ಹೊಡೆದ ಚೆಂಡು ಗೋಲಿನ ಹತ್ತಿರ ಹೋಗಿ ಸುಸ್ತಾಗಿ ನಿಲ್ಲುತ್ತಿತ್ತು. ಯಾಕಿರಬಹುದು ಎಂಬ ಕುತೂಹಲ ತಡೆಯಲಾರದೆ ಅವನ ಹಳೇ ಗ್ರೌಂಡಿಗೇ ಹೋದೆ. ಚೆಂಡನ್ನು ನಡುವೆ ಇಟ್ಟು ಕೈ ಬಿಟ್ಟೆ. ಅದು ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಕೆಳಗಿನ ಗೋಲಿನೊಳಗೆ ಕುಳಿತಿತು.

ಅಲ್ಲಿ ಹುಲ್ಲು ಕೊಯ್ಯುತ್ತಿದ್ದವರನ್ನು ಕೇಳಿದೆ, "ಅವನ ಗೋಲೆಲ್ಲ ಯಾವ ಕಡೆ ಬಿದ್ದದ್ದು?"

"ಕೆಳಗಿನ ಕಡೆಗೇ ಮಾರಾಯ್ರೆ. ಮೇಲಕ್ಕೆ ಹೊಡೆದ್ರೆ ವಾಪಸ್ ಬರ್ತದಲ್ಲ."

ನಾನು ತರಬೇಕಿದ್ದದ್ದು ಆ ಇಳಿಜಾರನ್ನು, ತಂದದ್ದು ಅವನನ್ನು.

ಗೋಲ್ ಕೀಪರ್

ಎರಡನೆಯವನು ಕೀಪರ್. ಕೆಲಸ ಮೆಣಸು ಕೊಯ್ಯುವುದು. ಏಣಿ ಹತ್ತಿ ಕೈ ಚಾಚಿದರೆ ಬಳ್ಳಿಯ ತುದಿಯ ಗೊಂಚಲೂ ಉಳಿಯುವುದಿಲ್ಲ. ತಲೆಯ ಮೇಲೆ ಬಂದ ಚೆಂಡೂ ಅಷ್ಟೇ, ಒಂದೂ ತಪ್ಪುತ್ತಿರಲಿಲ್ಲ. ನೆಲದ ಮೇಲೆ ಬಂದದ್ದು ಮಾತ್ರ ಕಾಲಸಂದಿಯಲ್ಲಿ ಆರಾಮವಾಗಿ ಹೋಗುತ್ತಿತ್ತು.

"ಸ್ವಲ್ಪ ಬಗ್ಗೋ ಮಾರಾಯ" ಎಂದೆ.

"ಕೆಳಗೆ ಬಿದ್ದಿದ್ದು ನಮ್ಮ ಕೆಲ್ಸ ಅಲ್ಲ ಸಾರ್. ಅದನ್ನ ಹೆಕ್ಕೋಕೆ ಹೆಂಗಸ್ರು ಬರ್ತಾರೆ" ಎಂದ.

ರೈಟರ ಕರಾರು

ಬಾಯಿಮಾತಿಗೆ ಬೆಲೆಯಿಲ್ಲ, ಬರೆದು ಸಹಿ ಹಾಕಿಸಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹಟ ಹಿಡಿದರು. ಅವರಿಗೆ ಗೊತ್ತಿದ್ದದ್ದು ನೆರಳಿನ ಮರ ಹತ್ತಿ ಕೊಂಬೆ ಸವರುವವರ ಕರಾರು ಒಂದೇ. ಅದನ್ನೇ ಎದುರಿಗಿಟ್ಟುಕೊಂಡು, ಮರ ಎಂದಿದ್ದಲ್ಲೆಲ್ಲ ಮೈದಾನ ಎಂದು ಬರೆದುಕೊಟ್ಟರು. ನಾನು ಓದದೆ ಸಹಿ ಹಾಕಿಸಿದೆ.

ಮೂರನೆಯವನು ಬ್ಯಾಕ್. ಒಂದು ಮ್ಯಾಚಿನ ನಡುವೆ ನಾಲ್ಕು ಹನಿ ಬಿದ್ದದ್ದೇ ತಡ, ಆಟ ಬಿಟ್ಟು ಹೋಗಿ ಹಲಸಿನ ಮರದಡಿ ನಿಂತ. ನಾನು ಕೂಗಾಡಿದರೆ ಜೇಬಿನಿಂದ ಕಾಗದ ತೆಗೆದು ಓದಿದ: "ಮಳೆ ಬಂದ ಕೂಡಲೇ ಮೈದಾನದಿಂದ ಇಳಿಯತಕ್ಕದ್ದು."

ಹೊಸ ಕಾಗದ ಬರೆಸುವಾಗ ನಾನೂ ಒಂದು ಷರತ್ತು ಸೇರಿಸಿದೆ. ನಾವು ಕೊಟ್ಟವರಿಗೆ ನಮ್ಮ ಗುಟ್ಟೆಲ್ಲ ಗೊತ್ತಲ್ಲ, ಆದ್ದರಿಂದ ಅದಲುಬದಲಾದ ಯಾರೂ ತಮ್ಮ ಹಳೇ ತಂಡದ ವಿರುದ್ಧ ಆಡಕೂಡದು. ಆಲ್ದೂರಿನ ಕೋಚೂ ಸಂತೋಷದಿಂದ ಸಹಿ ಹಾಕಿದರು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡು, ಅದೇ ಹುರುಪಿನಲ್ಲಿ ಇನ್ನೂ ಇಬ್ಬರನ್ನು ಬದಲಿಸಿದೆ.

ಫೈನಲ್

ಹೇಗೋ ಏನೋ, ಫೈನಲ್ ತಲುಪಿದೆವು. ಎದುರಿಗೆ ಮತ್ತೆ ಆಲ್ದೂರು. ಕರಾರಿನ ಪ್ರಕಾರ ನಾವು ತಂದ ಐವರು ಹೊರಗೆ, ಅವರು ತಂದ ಐವರೂ ಹೊರಗೆ. ಅವರಲ್ಲೂ ಇದ್ದದ್ದು ಹನ್ನೊಂದೇ ಜನ, ಉಳಿದದ್ದು ಆರಾರು. "ಏಳು ಜನ ಆದ್ರೂ ಇಲ್ಲದಿದ್ರೆ ಆಟ ಇಲ್ಲ" ಎಂದರು ರೆಫರಿ.

ಆಲ್ದೂರಿನ ಕೋಚ್ ತಾವೇ ಬೂಟು ಕಟ್ಟಿದರು. ನನ್ನ ಮೊಣಕಾಲು ಕೈಕೊಟ್ಟು ವರ್ಷಗಳಾಗಿವೆ. ನಾನು ಬೆವರುತ್ತ ನಿಂತಿದ್ದಾಗ ನಮ್ಮ ಧಣಿಗಳು ಕುರ್ಚಿಯಿಂದೆದ್ದು, ತೋಟದ ಗಂಬೂಟಿನಲ್ಲೇ ನಡೆದುಹೋಗಿ ಗೋಲಿನಲ್ಲಿ ನಿಂತರು. ಬೇಡ ಎನ್ನೋಣವೆಂದರೆ ಗ್ರೌಂಡು ಅವರದು.

ಒಂಬತ್ತು ಗೋಲು ಬಿತ್ತು. ನಮ್ಮದು ಸೊನ್ನೆ. ಗ್ರೌಂಡನ್ನು ಕೊನೆಯ ಸಲ ನೋಡುತ್ತಿದ್ದೇನೆ ಅನ್ನಿಸಿತು. ಧಣಿಗಳು ಮೈಯೆಲ್ಲ ಕೆಸರಾಗಿ ಬಂದರು.

"ಕೋಚೇ, ಒಂದು ಹಿಡಿದೆ, ನೋಡಿದ್ರಾ?"

"ನೋಡಿದೆ ಸಾರ್. ಸಸಿ ಯಾವಾಗ ಹಾಕಿಸ್ತೀರಿ?"

"ಅದನ್ನ ಬಂಗಲೆ ಹಿಂದೆ ಹಾಕ್ಸಿ. ಇಲ್ಲಿ ಹಾಕಿದ್ರೆ ನಾನು ಪ್ರಾಕ್ಟೀಸ್ ಎಲ್ಲಿ ಮಾಡೋದು?"

ಅಲ್ಲೇ ರೈಟರನ್ನು ಕರೆದು ಕರಾರು ಬರೆಸಿದರು: ಗ್ರೌಂಡು ಇರುವವರೆಗೂ ಕೀಪರ್ ಧಣಿಗಳೇ. ನಾನು ಕಣ್ಣೊರೆಸಿಕೊಂಡು ಸಹಿ ಹಾಕಿದೆ.

ಮಾರನೆಯ ಬೆಳಿಗ್ಗೆ ಆಲ್ದೂರಿನ ಕೋಚ್ ಫೋನ್ ಮಾಡಿದರು. "ನಿಮ್ಮ ಐದೂ ಜನರನ್ನ ವಾಪಸ್ ಕಳಿಸ್ತೀನಿ. ನಮ್ಮ ಐದು ಜನರನ್ನೂ ನೀವೇ ಇಟ್ಕೊಳ್ಳಿ."

"ಬದಲಿಗೆ ಏನ್ ಕೊಡ್ಬೇಕು?"

"ಏನೂ ಬೇಡ ಮಾರಾಯ್ರೆ. ನಿಮ್ಮ ಕೀಪರನ್ನ ಮಾತ್ರ ಬದಲಿಸಬೇಡಿ."