ಮಧ್ಯಾಹ್ನದ ಪಾಠಕ್ಕೆ ಉಳಿಸಿಟ್ಟ ಶಕ್ತಿ

ಕ್ಯಾನ್ಸರಿಗೆ ಹೆದರಬೇಕೆಂದು ನನಗೆ ಮೊದಲೇ ಗೊತ್ತಿತ್ತು. ಅದರ ಹಿಂದೆ ಬರುವ ದಣಿವಿಗೂ ಹೆದರಬೇಕೆಂದು ಗೊತ್ತಿರಲಿಲ್ಲ. ರಾಯಚೂರಿನಲ್ಲಿ ಕಿಮೋ ಮುಗಿಸಿ ಮಾನ್ವಿಯ ಮನೆಗೆ ಬಂದ ಮೇಲೆ ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವಾಯಿತು. ಬಾಚಲು ಇದ್ದದ್ದು ಬೆರಳಗಲದ ಕೂದಲು, ಆ ಮಾತು ಬೇರೆ. ಎಷ್ಟು ಮಲಗಿದರೂ ಹೋಗದ ದಣಿವು ಇದು. ಇದ್ದ ಶಕ್ತಿಯನ್ನು ಮುಖ್ಯವಾದ ಕೆಲಸಕ್ಕೆ ಇಡಿ, ಉಳಿದ ಕೆಲಸವನ್ನು ಬೇರೆಯವರಿಗೆ ಬಿಡಿ ಎಂದರು ಡಾಕ್ಟರು. ಪಾಪ, ಅವರು ನಮ್ಮ ಮನೆಗೆ ಬರುವ ನೆಂಟರನ್ನು ನೋಡಿದವರಲ್ಲ.

ನನಗೆ ಮುಖ್ಯವಾದದ್ದು ನಾನು ಹತ್ತನೇ ತರಗತಿಗೆ ಹೇಳುವ ಕನ್ನಡ ಪಾಠ. ರಜೆ ಮುಗಿಸಿ ಶಾಲೆಗೆ ಮರಳುವ ದಿನ, ಮಧ್ಯಾಹ್ನದ ಆ ಪಾಠಕ್ಕಾಗಿ ಬೆಳಗಿನಿಂದಲೇ ಜಿಪುಣತನ ಶುರು ಮಾಡಿದೆ. ಕುಳಿತೇ ಸ್ನಾನ ಮಾಡಿದೆ. ಪಡಸಾಲೆಯ ಕಸ ಕಂಡರೂ ಕಾಣದವಳಂತೆ ಮುಖ ತಿರುಗಿಸಿದೆ. ಅಷ್ಟರಲ್ಲಿ ದೇವದುರ್ಗದಿಂದ ನಮ್ಮ ಸೋದರತ್ತೆ ಬಂದರು, ನನ್ನನ್ನು ಮಾತಾಡಿಸಲು. ನಾನು ಸಂಪೂರ್ಣ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ಬಹಳ ಹೊತ್ತು ಹೇಳಿದರು. ಅದನ್ನು ಕೇಳಿಯೇ ನಾನು ಅರ್ಧ ದಣಿದೆ. ಕೊನೆಗೆ, ಬಸ್ಸಿನಲ್ಲಿ ಕುಳಿತು ತಲೆ ಹಿಡಿದಿದೆ ಎಂದು ಅಡುಗೆಮನೆಯತ್ತ ನೋಡಿದರು. ಅಂದರೆ ಚಹಾ ಬೇಕಿತ್ತು.

ಅಭ್ಯಾಸಬಲದಿಂದ ಎದ್ದೆ. ಕಾಲು ನಡುಗಿ ಮತ್ತೆ ಕುಳಿತೆ. ಈಗ ಒಲೆಯ ಮುಂದೆ ನಿಂತರೆ ಮಧ್ಯಾಹ್ನ ಶಾಲೆ ಮುಟ್ಟಲಾರೆ ಎಂಬುದು ಖಚಿತವಾಯಿತು.

"ಅತ್ತಿ, ಇವತ್ತು ಚಹಾ ನೀವ ಮಾಡ್ರಿ," ಎಂದೆ. "ನನಗ ಮಧ್ಯಾಹ್ನ ಪಾಠ ಅದ."

ಬಂದವರಿಗೆ ಹೀಗೆ ಹೇಳಿದವರು ನಮ್ಮ ಮನೆತನದಲ್ಲಿ ಯಾರೂ ಇರಲಿಕ್ಕಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಚಹಾ ಬಂತು, ಅದರ ಹಿಂದೆಯೇ ರೊಟ್ಟಿ ಬಡಿಯುವ ಸದ್ದೂ ಬಂತು.

"ನೀ ಮಲಗವಾ," ಎಂದರು ಅಲ್ಲಿಂದಲೇ. "ಸಾಲಿ ಹೊತ್ತಿಗೆ ನಾನ ಎಬ್ಬಸ್ತೀನಿ."

ನಾಚಿಕೆಯಿಂದ ಕಣ್ಣು ಮುಚ್ಚಿದೆ. ನಿದ್ದೆ ಮಾತ್ರ ನಾಚಿಕೆಯಿಲ್ಲದೆ ಬಂತು.

ಆಟೋದಲ್ಲಿ ಶಾಲೆಗೆ ಹೋದೆ. ಕುರ್ಚಿಯಲ್ಲಿ ಕುಳಿತೇ ಪದ್ಯ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ತೂಕಡಿಸುತ್ತಿರುವುದು ಕಂಡಿತು. ಯಾಕವ್ವ ಎಂದು ಕೇಳಿದರೆ ಗಾಬರಿಯಾಗಿ ಎದ್ದು ನಿಂತಳು.

"ನೀವು ಭಾಳ ಮೆಲ್ಲಕ ಹೇಳಾಕತ್ತೀರಿ, ಟೀಚರ್. ಕೇಳಿಕೋತ ಕೇಳಿಕೋತ ಕಣ್ಣು ಮುಚ್ಚಿದ್ವು."

ಬೆಳಗಿನಿಂದ ಜೋಪಾನ ಮಾಡಿ ತಂದ ಶಕ್ತಿ ಒಬ್ಬ ಹುಡುಗಿಯನ್ನು ಮಲಗಿಸಲು ಸಾಕಾಗಿತ್ತು. ಕುರ್ಚಿಯನ್ನು ಅವಳ ಬೆಂಚಿನ ಹತ್ತಿರಕ್ಕೆ ಎಳೆಸಿಕೊಂಡು ಉಳಿದ ಪದ್ಯ ಹೇಳಿದೆ. ಗಂಟೆ ಹೊಡೆಯುವವರೆಗೆ ಇಬ್ಬರೂ ಎಚ್ಚರವಾಗಿಯೇ ಇದ್ದೆವು. ಹೆಚ್ಚು ಕಷ್ಟಪಟ್ಟವಳು ಟೀಚರು.