ಅತ್ತೆಯವರ ಬೇಸ್‌ಬಾಲ್ ಚಳಿಗಾಲ

ರಾಯಚೂರಿನಲ್ಲಿ ಬೇಸ್‌ಬಾಲ್ ಹುಚ್ಚು ಹಿಡಿದವರು ಎಷ್ಟು ಮಂದಿ ಎಂದು ಯಾರಾದರೂ ಸಮೀಕ್ಷೆಗೆ ಬಂದರೆ ಅವರಿಗೆ ಹೆಚ್ಚು ತಿರುಗಾಟವಿಲ್ಲ. ನೇರ ನಮ್ಮ ಮನೆಗೆ ಬಂದು, ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿರುವ ನಮ್ಮ ಸೋದರತ್ತೆಯನ್ನು ನೋಡಿ, ‘ಒಬ್ಬರು’ ಎಂದು ಬರೆದುಕೊಂಡು, ಚಹಾ ಕುಡಿದು ಹೋಗಬಹುದು. ಚಹಾ ಬೇಗ ಮುಗಿಸಿದರೆ ಕ್ಷೇಮ. ತಡ ಮಾಡಿದರೆ ‘ಇಬ್ಬರು’ ಎಂದು ತಿದ್ದಬೇಕಾಗುತ್ತದೆ. ಎರಡನೆಯವರು ಅವರೇ ಆಗಿರುತ್ತಾರೆ.

ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಮಾನ್ವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಆಟದ ಟೀಚರ್ ಆಗಿದ್ದು, ನಿವೃತ್ತರಾದ ಮೇಲೆ ನಮ್ಮ ಜೊತೆ ಬಂದು ಇದ್ದಾರೆ. ಅವರು ಬಂದ ದಿನದಿಂದ ನಮ್ಮ ಮನೆಯ ಚಪ್ಪಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿವೆ.

ಬೇಸ್‌ಬಾಲ್ ಅವರಿಗೆ ಅಂಟಿದ್ದು ಕಾಲು ಮುರಿದದ್ದರಿಂದ. ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಲು ಸ್ಟೂಲು ಹತ್ತಿದರು. ಜಾಡಿ ಕ್ಷೇಮವಾಗಿ ಇಳಿಯಿತು, ಅತ್ತೆ ಇಳಿಯಲಿಲ್ಲ, ಬಿದ್ದರು. ಮೂರು ತಿಂಗಳು ಪ್ಲಾಸ್ಟರು. ಒಂದು ಬೆಳಿಗ್ಗೆ ಟಿ.ವಿ. ರಿಮೋಟು ಮಂಚದ ಹಿಂದೆ ಬಿತ್ತು. ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋಗಿದ್ದೆವು. ಅಮೆರಿಕದಲ್ಲಿ ಸಂಜೆ ಆಡುವ ಆಟ ನಮ್ಮಲ್ಲಿ ಬೆಳಗಿನ ಹೊತ್ತು ಬರುತ್ತದೆ. ಅತ್ತೆ ಬೇರೆ ದಾರಿಯಿಲ್ಲದೆ ನೋಡಿದರು. ಮೊದಲ ವಾರ ಅದು ಅವರಿಗೆ ಕೆಟ್ಟುಹೋದ ಕ್ರಿಕೆಟ್ ಆಗಿತ್ತು.

“ಚೆಂಡಿಗೆ ಹೊಡದು ಬ್ಯಾಟ್ ಒಗದು ಓಡ್ತಾನಲ್ಲೋ, ಇವಗ ಯಾರೂ ಕಲಿಸಿಲ್ಲೇನು?” ಎಂದು ನನ್ನನ್ನು ಕೇಳಿದರು. ಎರಡನೆಯ ವಾರ ನಿಯಮ ತಿಳಿಯಿತು. ಮೂರನೆಯ ವಾರ ಅಂಪೈರನ ಜೊತೆ ಜಗಳವಾಡಿದರು. ಪ್ಲಾಸ್ಟರು ಬಿಚ್ಚಿದ ದಿನ ಎಲ್ಲರೂ ಸಂತೋಷಪಟ್ಟರೆ ಅತ್ತೆಯ ಮುಖ ಮಾತ್ರ ಸಣ್ಣದಾಗಿತ್ತು. ಇನ್ನು ಮುಂದೆ ಬೆಳಿಗ್ಗೆ ರೊಟ್ಟಿ ಬಡಿಯಲು ಕರೆಯುತ್ತಾರೆಂಬ ಭಯ.

ಆಟದಲ್ಲಿ ದೊಡ್ಡ ದೊಡ್ಡ ಹೊಡೆತಗಾರರಿದ್ದಾರೆ, ಕುಣಿದು ಹಿಡಿಯುವವರಿದ್ದಾರೆ. ಅವರ್‍ಯಾರೂ ಅತ್ತೆಯ ಕಣ್ಣಿಗೆ ಬೀಳಲಿಲ್ಲ. ಅವರು ಮನಸೋತದ್ದು ಆಟದ ಕೊನೆಗೆ ಬಂದು ಚೆಂಡು ಎಸೆಯುವವನಿಗೆ. ಅವನಿಗೆ ರಿಲೀಫ್ ಪಿಚರ್ ಎನ್ನುತ್ತಾರೆ. ಎದುರು ಮನೆಯ ಅಕ್ಕಿ ಗಿರಣಿ ಸಾಹುಕಾರರಿಗೆ ಅತ್ತೆ ಇದನ್ನು ವಿವರಿಸಿದ ಪ್ರಸಂಗಕ್ಕೆ ನಾನು ಸಾಕ್ಷಿ.

“ಮೊದಲು ಚೆಂಡು ಒಗಿಯಾವನ ತೋಳು ಸೋತ ಮ್ಯಾಲ ಇನ್ನೊಬ್ಬ ಬರ್ತಾನ್ರಿ. ಅವ ರಿಲೀಫ್ ಪಿಚರ್.”

“ರಿಲೀಜ್ ಪಿಚ್ಚರ್‍ರಾ? ಯಾವ ಟಾಕೀಸಿನ್ಯಾಗ್ರಿ?”

“ಸಿನಿಮಾ ಅಲ್ರಿ, ಮನಷ್ಯಾ. ಬರ್ತಾನ, ಹದಿನೈದಿಪ್ಪತ್ತು ಚೆಂಡು ಒಗಿತಾನ, ಆಟ ಮುಗಿಸಿ ಮನಿಗೆ ಹೋಗ್ತಾನ.”

“ಅಲ್ಲೀತನಕ ಏನ್ ಮಾಡ್ತಾನ್ರಿ?”

“ಮೈದಾನದ ಮೂಲ್ಯಾಗ ಕುಂತಿರ್ತಾನ. ಅಲ್ಲೊಂದು ಫೋನ್ ಇರ್ತದ. ಫೋನ್ ಬಂತಂದ್ರ ಎದ್ದು ತೋಳು ಬಿಸಿ ಮಾಡ್ಕೋತಾನ.”

ಸಾಹುಕಾರರು ತಲೆದೂಗಿದರು. “ಅಂಥಾವ್ರು ನಮ್ಮ ಗಿರಣ್ಯಾಗೂ ನಾಕು ಮಂದಿ ಅದಾರ್ರಿ. ಫೋನ್ ಬಂದ್ರೂ ಏಳೂದಿಲ್ಲ” ಎಂದರು.

ಅತ್ತೆ ತಮ್ಮ ತಂಡವನ್ನು ಆರಿಸಿಕೊಂಡ ಕಥೆಯೂ ಹೇಳಬೇಕಾದದ್ದೇ. ಅಮೆರಿಕದ ಒಂದು ತಂಡ ನೂರೆಂಟು ವರ್ಷ ಕಪ್ ಗೆದ್ದಿರಲಿಲ್ಲ. ಹಿಂದೊಮ್ಮೆ ಒಬ್ಬ ಮನುಷ್ಯ ತನ್ನ ಆಡನ್ನು ಕರೆದುಕೊಂಡು ಪಂದ್ಯ ನೋಡಲು ಬಂದಿದ್ದನಂತೆ. ಆಡು ನಾರುತ್ತದೆಂದು ಅದನ್ನು ಹೊರಗೆ ಕಳಿಸಿದರಂತೆ. ಅವನು ಕೋಪದಲ್ಲಿ ಶಾಪ ಹಾಕಿ ಹೋದ ಎಂದು ಅಲ್ಲಿನ ಜನ ನಂಬಿದ್ದರು. ಕೊನೆಗೆ ಆ ತಂಡ ಗೆದ್ದಾಗ ಇಡೀ ಊರು ಬೀದಿಗೆ ಬಂದಿತ್ತು. ಇದನ್ನು ಫೋನಿನಲ್ಲಿ ಓದಿದ ಅತ್ತೆ ಅಲ್ಲೇ ಕೈಮುಗಿದರು.

“ನೂರಾಎಂಟು ನೋಡು. ಲೆಕ್ಕ ಸರಿ ಅದ. ಜಪ ಮುಗೀತು, ಫಲ ಸಿಕ್ತು. ಇದs ನಮ್ಮ ಟೀಮು” ಎಂದರು.

ಒಲೆಯ ಮುಂದೆ ಕುಳಿತಿದ್ದ ನಮ್ಮ ಅವ್ವ ಅಲ್ಲಿಂದಲೇ ಕೇಳಿದರು: “ಅದೆಲ್ಲಾ ಇರ್ಲಿ, ಆ ಆಡು ಏನಾತು?”

ಅದನ್ನು ಯಾರೂ ಬರೆದಿರಲಿಲ್ಲ. ಅತ್ತೆ ಎರಡು ದಿನ ಹುಡುಕಿದರು. ಇಂದಿಗೂ ಮನೆಯಲ್ಲಿ ಬೇಸ್‌ಬಾಲ್ ಮಾತು ವಿಪರೀತವಾದಾಗ ಅವ್ವ ಅದೇ ಪ್ರಶ್ನೆ ಕೇಳಿ ಗೆಲ್ಲುತ್ತಾರೆ.

ಇಷ್ಟಾದರೂ ಆಟ ನಡೆಯುವ ತಿಂಗಳುಗಳಲ್ಲಿ ಅತ್ತೆಯನ್ನು ಸಹಿಸಿಕೊಳ್ಳಬಹುದು. ಆಟ ಇಲ್ಲದ ಚಳಿಗಾಲದಲ್ಲೇ ಕಷ್ಟ. ನಮ್ಮಲ್ಲಿ ಹತ್ತಿ ಬಿಡಿಸಿ, ಭತ್ತ ಗಿರಣಿಗೆ ಬರುವ ಹೊತ್ತಿನಲ್ಲಿ ಅಲ್ಲಿ ತಂಡಗಳು ಮುಂದಿನ ವರ್ಷಕ್ಕೆ ಆಟಗಾರರನ್ನು ಗೊತ್ತು ಮಾಡಿಕೊಳ್ಳುತ್ತವೆ. ಯಾವ ರಿಲೀಫ್ ಪಿಚರ್ ಯಾವ ತಂಡಕ್ಕೆ ಎಷ್ಟು ವರ್ಷಕ್ಕೆ ಸಹಿ ಹಾಕಿದ, ಯಾರ ಮೊಣಕೈಗೆ ಆಪರೇಷನ್ ಆಗಿದೆ, ಯಾರಿಗೆ ವಯಸ್ಸಾಯಿತು ಎಂಬ ಸುದ್ದಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಆಟವೇ ಇಲ್ಲದ ಆಟವನ್ನು ಇಷ್ಟು ಉಸಿರು ಬಿಗಿಹಿಡಿದು ನೋಡುವವರು ಎಲ್ಲಾದರೂ ಇದ್ದಾರೆಯೇ?

ಒಂದು ಡಿಸೆಂಬರ್ ಬೆಳಿಗ್ಗೆ ಅತ್ತೆ ಫೋನ್ ನೋಡುತ್ತಾ ಅಂಗಳದಲ್ಲಿ ನಿಂತಿದ್ದರು. ಗಿಲ್ಲೆಸುಗೂರಿನಿಂದ ಬಸ್ಸಿಗೆ ಬಂದು ಹೂ ಮಾರುವ ಹೆಂಗಸು ಬುಟ್ಟಿ ಇಳಿಸಿ ಕೇಳಿದಳು: “ಯಾಕ್ರಿ ಟೀಚರ್, ಮಾರಿ ಸಪ್ಪಗ್ಯಾದ?”

“ನಮ್ಮ ಎಡಗೈಯವ ಹೋದವಾ” ಎಂದರು ಅತ್ತೆ.

ಅವಳು ಹೂವಿನ ಜೊತೆ ಈ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸಿದಳು. ಹತ್ತು ಗಂಟೆಗೆ ಓಣಿಯ ಮೂವರು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬಂದು ಚಾಪೆಯ ಮೇಲೆ ಕುಳಿತರು. ನಾನು ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ.

“ಎಷ್ಟು ವಯಸ್ಸಾಗಿತ್ರಿ?” ಎಂದು ಹಿರಿಯ ಹೆಂಗಸು ಕೇಳಿದರು.

“ಮೂವತ್ತನಾಕು.”

“ಅಯ್ಯ ಶಿವನ. ಏನಾಗಿತ್ರಿ ಅವಗ?”

“ಮೊಣಕೈ ತ್ರಾಸ್ ಕೊಡತಿತ್ತು. ಹೋದ ವರ್ಷ ಆಪರೇಷನ್ ಆಗಿತ್ತು. ಆರಾಮಾಗ್ಯಾನ ಅಂತ ನಾವೂ ತಿಳ್ಕೊಂಡಿದ್ವಿ.”

“ಮೊಣಕೈಯಿಂದ ಜೀವಾ ಹೋಗ್ತದಂತ ನಮಗ ಗೊತ್ತs ಇರ್ಲಿಲ್ರಿ. ಹೆಂಡ್ತಿ ಮಕ್ಕಳು?”

“ಇದ್ದಾರು. ಅವರಿಗೇನು ಕಡಿಮಿ? ಕಷ್ಟ ನಮಗ. ಕೊನೀಗೆ ಯಾರನ್ನ ನಿಲ್ಲಸಬೇಕು?”

ಹಿರಿಯ ಹೆಂಗಸು ಕಣ್ಣೊರೆಸಿಕೊಂಡರು. “ಎಲ್ಲಿಗೆ ಒಯ್ದ್ರು?”

“ಬ್ಯಾರೆ ಟೀಮಿನವ್ರು ಒಯ್ದ್ರು. ಮೂರು ವರ್ಷಕ್ಕ.”

ನಾನು ಗಲ್ಲ ಕೊಯ್ದುಕೊಂಡೆ. ಆಮೇಲೆ ಆ ಮೂವರೂ ಎದ್ದು ಹೋದರು. ಎರಡು ವಾರ ನಮ್ಮ ಮನೆಗೆ ಯಾರೂ ಬರಲಿಲ್ಲ. ಅವ್ವನಿಗೆ ಅದರಿಂದ ಅನುಕೂಲವೇ ಆಯಿತು.

ಅದೇ ಚಳಿಗಾಲದಲ್ಲಿ ನನ್ನ ತಂಗಿಗೆ ದೇವದುರ್ಗದ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗನಿಗೆ ಗೊಬ್ಬರದ ಅಂಗಡಿ. ಮನೆ ನೋಡಿಕೊಂಡು ಬರಲು ಅಪ್ಪ, ನಾನು, ಅತ್ತೆ ಹೋದೆವು. ಒಗ್ಗರಣೆ ಮಂಡಕ್ಕಿ ಆಯಿತು, ಮಿರ್ಚಿ ಆಯಿತು. ಹುಡುಗ ತಾನೇ ಚಹಾ ತಂದು ಅಪ್ಪನ ಮುಂದೆ ಹಿಡಿದ. ಎಡಗೈಯಲ್ಲಿ. ಅಪ್ಪನ ಕೈ ಮೇಲೇಳಲಿಲ್ಲ. ಹುಡುಗನ ತಾಯಿ ನೆಲ ನೋಡಿದರು. ಈ ಎಡಗೈಯಿಂದಲೇ ಎರಡು ಸಂಬಂಧ ತಪ್ಪಿಹೋಗಿವೆ ಎಂದು ನಮಗೆ ತಿಳಿದದ್ದು ಆಮೇಲೆ.

ಅತ್ತೆ ಮಾತ್ರ ಕುರ್ಚಿಯ ತುದಿಗೆ ಬಂದರು. “ಎಡಗೈಯವನೇನಪಾ ನೀನು?”

ಹುಡುಗ ತಲೆ ತಗ್ಗಿಸಿ “ಹೌದ್ರಿ” ಎಂದ.

“ಒಗಿಯೂದೂ ಎಡಗೈಲೇನೇ?”

“ಹೌದ್ರಿ.”

“ಅಂಗಿ ತೋಳು ಮ್ಯಾಲ ಮಾಡು. ಮೊಣಕೈ ಮಡಚು. ಬಿಚ್ಚು. ನೋವು ಗೀವು?”

“ಇಲ್ರಿ.”

ಹುಡುಗನ ಅಜ್ಜಿ ನನ್ನ ಕಿವಿಯಲ್ಲಿ “ಡಾಕ್ಟರೇನ್ರಿ ಇವರು?” ಎಂದು ಕೇಳಿದರು. ನಾನು ಕೆಮ್ಮಿದೆ. ಅತ್ತೆ ಅಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಅಣ್ಣಾ, ಎಡಗೈಯವ್ರು ಸಿಗೂದು ಭಾಳ ಕಷ್ಟ. ಇವತ್ತು ಬಿಟ್ರ ನಾಳೆ ಬ್ಯಾರೆಯವ್ರು ಎತ್ಕೊಂಡು ಹೋಗ್ತಾರ. ಹ್ಞೂಂ ಅಂದುಬಿಡು” ಎಂದರು. ಹುಟ್ಟಿದಂದಿನಿಂದ ಬೈಸಿಕೊಂಡ ಕೈಯನ್ನು ಒಬ್ಬರು ಹೀಗೆ ಹೊಗಳಿದ್ದನ್ನು ಕೇಳಿ ಆ ಮನೆಯವರೆಲ್ಲ ಕರಗಿಹೋದರು. ಅಪ್ಪ ಹ್ಞೂಂ ಎಂದರು. ಈಗ ತಂಗಿ ಸುಖವಾಗಿದ್ದಾಳೆ. ಅವಳ ಗಂಡ ನಮ್ಮ ಮನೆಗೆ ಬಂದರೆ ಮೊದಲು ಅತ್ತೆಗೆ ನಮಸ್ಕಾರ ಮಾಡುತ್ತಾನೆ. ಅತ್ತೆ ಮೊದಲು ಅವನ ಮೊಣಕೈ ವಿಚಾರಿಸುತ್ತಾರೆ.

ಹೀಗೆ ನಗುತ್ತ ನಡೆದಿತ್ತು. ಕಳೆದ ಜನವರಿಯ ಒಂದು ಬೆಳಿಗ್ಗೆ ಅತ್ತೆ ಫೋನ್ ಹಿಡಿದು ಸುಮ್ಮನೆ ಕುಳಿತಿದ್ದರು. ಯಾರು ಹೋದರು ಎಂದು ಕೇಳಿದೆ. ಯಾರೂ ಹೋಗಿಲ್ಲ, ಹೊಸ ಸುದ್ದಿಯಿಲ್ಲ, ಅದಕ್ಕೇ ಹಳೆಯ ಪಂದ್ಯವೊಂದರ ಬಗ್ಗೆ ಓದಿದೆ ಎಂದರು. ಆ ಪಂದ್ಯದಲ್ಲಿ ಒಬ್ಬ ಪಿಚರ್ ಎದುರು ತಂಡದಿಂದ ಸರದಿಯ ಮೇಲೆ ಮತ್ತೆ ಮತ್ತೆ ಬಂದ ಇಪ್ಪತ್ತಾರು ಹೊಡೆತಗಾರರನ್ನು ಸಾಲಾಗಿ, ಒಬ್ಬನೂ ಮುಂದೆ ಹೋಗದಂತೆ ಔಟ್ ಮಾಡಿದ್ದ. ಕೊನೆಯವನಾದ ಇಪ್ಪತ್ತೇಳನೆಯವನೂ ಔಟಾದರೆ ನೂರೈವತ್ತು ವರ್ಷಗಳ ಆಟದಲ್ಲಿ ಕೆಲವರಿಗಷ್ಟೇ ಸಿಕ್ಕ ಗೌರವ ಅವನದಾಗುತ್ತಿತ್ತು. ಆ ಇಪ್ಪತ್ತೇಳನೆಯವನು ಔಟಾದ. ಅಂಪೈರ್ ಇಲ್ಲ ಎಂದ. ಪಿಚರ್ ಜಗಳವಾಡಲಿಲ್ಲ, ಸಣ್ಣಗೆ ನಕ್ಕು ಮತ್ತೆ ಚೆಂಡು ಎಸೆಯಲು ಹೋದ. ಪಂದ್ಯ ಮುಗಿದ ಮೇಲೆ ಅಂಪೈರ್ ಟಿ.ವಿ.ಯಲ್ಲಿ ನೋಡಿ, ತನ್ನದೇ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡ. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರನ ಕೈಗೆ ಕೊಡಲು ಆ ಪಿಚರನೇ ಬಂದ. ಅಂಪೈರ್ ಕಣ್ಣೀರು ಒರೆಸಿಕೊಳ್ಳುತ್ತ ಅದನ್ನು ತೆಗೆದುಕೊಂಡ.

“ಒಂದs ದಿನದಾಗ ಒಪ್ಕೊಂಡ ನೋಡು” ಎಂದರು ಅತ್ತೆ. ಫೋನನ್ನು ಕೆಳಗಿಟ್ಟು, “ಲೇ, ನನ್ನ ಕವಿತಾಳಕ್ಕ ಕರ್ಕೊಂಡು ಹೋಗು” ಎಂದರು.

ಕವಿತಾಳ ಮಾನ್ವಿ ದಾಟಿದ ಮೇಲೆ ಬರುವ ಊರು. ಯಾಕೆ ಎಂದು ಬಸ್ಸು ಮಾನ್ವಿ ತಲುಪುವವರೆಗೆ ಹೇಳಲಿಲ್ಲ. ಅಲ್ಲಿ ಜನ ಇಳಿದು ಹತ್ತುವಾಗ ಹೇಳಿದರು. ಇಪ್ಪತ್ತಾರು ವರ್ಷಗಳ ಹಿಂದೆ ಮಾನ್ವಿಯಲ್ಲಿ ಹೆಣ್ಣುಮಕ್ಕಳ ಖೋಖೋ ಫೈನಲ್. ಅತ್ತೆಯ ಶಾಲೆಗೂ ಕವಿತಾಳದ ಹುಡುಗಿಯರಿಗೂ ಪಂದ್ಯ. ಬರಬೇಕಾದ ಅಂಪೈರ್ ಬರಲಿಲ್ಲ, ಅತ್ತೆಯೇ ನಿಂತರು. ಕೊನೆಯ ಅರ್ಧ ನಿಮಿಷ. ಕವಿತಾಳದ ಒಬ್ಬಳೇ ಹುಡುಗಿ ಉಳಿದಿದ್ದಳು. ಅವಳು ಸಿಕ್ಕದಿದ್ದರೆ ಆ ತಂಡ ಗೆದ್ದು ಜಿಲ್ಲಾ ಪಂದ್ಯಕ್ಕೆ ಹೋಗುತ್ತಿತ್ತು. ಅತ್ತೆಯ ಶಾಲೆಯ ಹುಡುಗಿ ಅವಳ ಮೇಲೆ ಹಾರಿ ಬಿದ್ದಳು. ಅತ್ತೆ ಔಟ್ ಕೊಟ್ಟರು. ಆ ಹುಡುಗಿ ಹತ್ತಿರ ಬಂದು, “ಮುಟ್ಟಿಲ್ರಿ ಟೀಚರ್” ಎಂದಷ್ಟೇ ಹೇಳಿ ಹೋದಳು.

“ಮುಟ್ಟಿದ್ದು ನಿಮಗ ಕಂಡಿತ್ತೇನ್ರಿ ಅತ್ತಿ?” ಎಂದೆ.

“ಧೂಳು ಕಂಡಿತ್ತು” ಎಂದರು.

ಆ ಹುಡುಗಿ ಈಗ ಕವಿತಾಳದ ಬಸ್ ನಿಲ್ದಾಣದ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆಂದು ಅತ್ತೆಗೆ ಬಹಳ ವರ್ಷಗಳಿಂದ ಗೊತ್ತಿತ್ತಂತೆ. ಅಂಗಡಿಯಲ್ಲಿ ನಲವತ್ತರ ಹೆಣ್ಣುಮಗಳೊಬ್ಬಳು ಮಿಷನ್ ತುಳಿಯುತ್ತಿದ್ದಳು. ತಲೆಯೆತ್ತಿ ನೋಡಿದವಳೇ ಗುರುತು ಹಿಡಿದು ಎದ್ದು ನಿಂತಳು. “ಬರ್ರಿ ಟೀಚರ್, ಕುಂಡ್ರಿ” ಎಂದು ಸ್ಟೂಲು ಸರಿಸಿದಳು. ಅತ್ತೆ ಕೂರಲಿಲ್ಲ.

“ಯವ್ವಾ, ಆವತ್ತು ಮಾನ್ವ್ಯಾಗ ನಿನಗ ಮುಟ್ಟಿತ್ತೇನು?”

ಅವಳು ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮುಟ್ಟಿತ್ತು ಎಂದು ಹೇಳಿ ಮುಗಿಸಬಾರದೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಇಲ್ರಿ ಟೀಚರ್” ಎಂದಳು.

“ನಾ ತಪ್ಪು ಮಾಡ್ದೆ. ನನ್ನ ಶಾಲಿ ಗೆಲ್ಲಲಿ ಅಂತ ನನ್ನ ಮನಸಿನ್ಯಾಗಿತ್ತು. ನೀ ಔಟ್ ಆಗಿರ್ಲಿಲ್ಲ” ಎಂದರು ಅತ್ತೆ. ಅವರ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳ ಮುಖದಲ್ಲಿ ಮೆಲ್ಲಗೆ ಒಂದು ತುಂಟತನ ಬಂತು. “ಆವತ್ತು ಭಾಳ ಜೋರಾಗಿ ಅಂದಿದ್ರಿ ಟೀಚರ್. ಇಡೀ ಮೈದಾನಕ್ಕ ಕೇಳ್ಸಿತ್ತು.”

ಅತ್ತೆ ಅವಳನ್ನೇ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅಂಗಡಿಯ ಮೆಟ್ಟಿಲಿಗೆ ಬಂದು ಬೀದಿಯ ಕಡೆ ಮುಖ ಮಾಡಿ ನಿಂತು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಕೂಗಿದರು:

“ಔಟ್ ಇಲ್ಲ!”

ಎದುರಿನ ಮಿರ್ಚಿ ಬಂಡಿಯವನು ಎಣ್ಣೆಯಿಂದ ಜಾಲರಿ ಸೌಟು ಎತ್ತಿದ ಕೈಯಲ್ಲೇ ನಿಂತ. ಹೊರಡಲಿದ್ದ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಂಡವು. ಒಳಗೆ ಅವಳು ಶಾಲೆಯ ಸಾಲಿನಲ್ಲಿ ನಿಂತ ಹಾಗೆ ಎರಡೂ ಕೈ ನೆಟ್ಟಗೆ ಬಿಟ್ಟು ನಿಂತಿದ್ದಳು. ನಗುತ್ತಿದ್ದಳು. ನಗುನಗುತ್ತಲೇ, ಯಾರದೋ ಅರ್ಧ ಹೊಲಿದ ಬ್ಲೌಸನ್ನು ತೆಗೆದು ಮುಖಕ್ಕೆ ಒತ್ತಿಕೊಂಡಳು.

ಬಟ್ಟೆ ಒಯ್ಯಲು ಬಂದಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, “ಏನಾತವಾ? ಯಾರು ಔಟ್ ಇಲ್ಲ?” ಎಂದು ಕೇಳಿದಳು.

“ನಾನು, ಯವ್ವಾ” ಎಂದಳು ಅವಳು, ಬ್ಲೌಸಿನ ಒಳಗಿಂದಲೇ. “ನಾ ಔಟ್ ಇಲ್ಲ.”