ಖಾರಾದ ಪೊಟ್ಟಣದಲ್ಲಿ ಮಿಂಚುಳ್ಳಿಯ ಲಗ್ನ

ನನ್ನ ಯೋಜನೆ ತೀರ ಸರಳವಾಗಿತ್ತು. ಶಿಗ್ಗಾವಿಯಿಂದ ಬಸ್ಸು ಹತ್ತಿ ಸವಣೂರಿಗೆ ಹೋಗುವುದು, ಚಹಾದ ಜೊತೆ ಮೆಲ್ಲುವ ಖಾರಾ ಕೊಳ್ಳುವುದು, ಮನೆಗೆ ಬಂದು ಪೊಟ್ಟಣ ಬಿಚ್ಚುವುದು, ಕಾಗದ ಓದುವುದು. ಅಷ್ಟೇ! ಇದರಲ್ಲಿ ತಪ್ಪಲು ಏನಿದೆ? ಖಾರಾ ಕೊಳ್ಳಲು ಹೋಗಿ ಮನೆತನದ ಮರ್ಯಾದೆ ಕಳೆದವರು ನಮ್ಮ ಕಡೆ ಯಾರೂ ಇರಲಿಲ್ಲ.

ಈಗ ಒಬ್ಬಳಿದ್ದಾಳೆ.

ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ನಾವು ಹುಡುಗಿಯರು ನೀತಿಪಾಠದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಒಂದು ಇಂಗ್ಲಿಷ್ ಕಾಮಿಕ್ಸ್ ಓದುತ್ತಿದ್ದೆವು. ತಿಂಗಳಿಗೊಂದು ಸಂಚಿಕೆ. ಅದರಲ್ಲಿ ಅಂಗೈಯಿಂದ ಸಿಡಿಲು ಬಿಡುವ ಒಬ್ಬ ಗಂಡಸು, ನೀಲಿ ರೆಕ್ಕೆ ಬಿಚ್ಚಿ ಹಾರುವ ಒಬ್ಬ ಹೆಂಗಸು. ಇಂಗ್ಲಿಷ್ ಹೆಸರು ಹೇಳಿದರೆ ಸಿಸ್ಟರಿಗೆ ತಿಳಿದುಬಿಡುತ್ತದೆಂದು ನಾವೇ ನಾಮಕರಣ ಮಾಡಿದ್ದೆವು. ಅವನು ಸಿಡಿಲವೀರ, ಅವಳು ಮಿಂಚುಳ್ಳಿ. ಇಬ್ಬರೂ ಸೇರಿ ತಿಂಗಳಿಗೊಮ್ಮೆ ಜಗತ್ತನ್ನು ಉಳಿಸುತ್ತಿದ್ದರು. ಜಗತ್ತು ಉಳಿದರೆ ಉಳಿಯಲಿ, ಬಿಟ್ಟರೆ ಬಿಡಲಿ. ನಮಗೆ ಬೇಕಾಗಿದ್ದದ್ದು ಒಂದೇ: ಇವರ ಮದುವೆ ಯಾವಾಗ?

ಆ ಮನುಷ್ಯ ಬಾಯಿ ಬಿಡುತ್ತಲೇ ಇರಲಿಲ್ಲ. ಉರಿಯುವ ಕಟ್ಟಡದಿಂದ ಅವಳನ್ನು ಎತ್ತಿ ತರುತ್ತಿದ್ದ, ಇಳಿಸುತ್ತಿದ್ದ, ಹಾರಿ ಹೋಗುತ್ತಿದ್ದ. ಕೊನೆಗೆ ನನ್ನ ಬಿ.ಎ. ಮುಗಿದ ವರ್ಷ, ಊರ ಹೊರಗಿನ ನೀರಿನ ಟ್ಯಾಂಕಿನ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕುಳಿತಾಗ, ಸಿಡಿಲವೀರ ಅಂದ: "ಮಿಂಚುಳ್ಳಿ, ನಿನಗೊಂದು ಮಾತು ಹೇಳಬೇಕು."

ಕೆಳಗೆ ಸಣ್ಣ ಅಕ್ಷರದಲ್ಲಿ, ಮುಂದಿನ ತಿಂಗಳು!

ಮುಂದಿನ ತಿಂಗಳು ನನ್ನದೇ ಮದುವೆಯಾಯಿತು.

ಸಿಡಿಲವೀರ ಹಗಲು ಹೊತ್ತಿನಲ್ಲಿ ಹವಾಮಾನ ಕಚೇರಿಯ ಗುಮಾಸ್ತ. ನನ್ನನ್ನು ನೋಡಲು ಬಂದ ಗಂಡೂ ಗುಮಾಸ್ತ ಎಂದು ತಿಳಿದಾಗ ನನಗೆ ಒಳಗೊಳಗೇ ಖುಷಿ. ಹಗಲಿಗೆ ಗುಮಾಸ್ತ, ರಾತ್ರಿಗೆ ಏನಿರಬಹುದು? ರಾತ್ರಿಗೆ ಗೊರಕೆ ಇತ್ತು.

ಇವರನ್ನು ದೂರುತ್ತಿಲ್ಲ. ಒಳ್ಳೆಯವರು. ಮಾತು ಮಾತ್ರ ಕಡಿಮೆ. ಬೆಳಿಗ್ಗೆ ಸವಣೂರಿನ ಕಚೇರಿಗೆ ಹೋಗುವಾಗ "ಬರ್ತೇನಿ", ಸಂಜೆ ಬಂದಾಗ "ಚಹಾ ಆತೇನು?" ಈ ಎರಡು ಮಾತಿನ ನಡುವೆ ಇಡೀ ದಿನ ಮನೆಯಲ್ಲಿ ದನಿ ಎತ್ತುವುದು ಕುಕ್ಕರ್ ಒಂದೇ. ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಫೋನ್ ಮಾಡಿದರೆ "ಅವ್ವಾ, ಆಮ್ಯಾಲೆ ಮಾಡ್ತೇನಿ" ಎನ್ನುತ್ತಾಳೆ. ಆ ಆಮೇಲೆ ಯಾವ ದಿಕ್ಕಿನಲ್ಲಿದೆಯೋ ತಿಳಿಯದು. ಒಮ್ಮೆ ಸಿಡಿಲವೀರನನ್ನು ಮೊಬೈಲಿನಲ್ಲಿ ಹುಡುಕಿಕೊಡು ಎಂದು ಅವಳನ್ನೇ ಕೇಳಿದ್ದೆ. "ಅಂಥಾವ ಯಾರೂ ಬರವಲ್ನವ್ವಾ" ಎಂದಳು. ನಾನೂ ಬಿಟ್ಟೆ.

ಹೀಗಿರುವಾಗ ಒಂದು ಶುಕ್ರವಾರ ಇವರು ಎಂದಿನಂತೆ ಸವಣೂರಿನ ಖಾರಾ ತಂದರು. ಖಾರಾ ತಿನ್ನುವವರು ನಮ್ಮಲ್ಲಿ ಅವರೊಬ್ಬರೇ. ನನಗೆ ಎದೆ ಉರಿ. ತಟ್ಟೆಗೆ ಸುರಿದು ಕಾಗದ ಮುದ್ದೆ ಮಾಡಹೋದೆ. ಎಣ್ಣೆಯ ಕಲೆಯ ಪಕ್ಕದಲ್ಲಿ ಒಂದು ನೀಲಿ ರೆಕ್ಕೆ!

"ಇದನ್ನ ಎಲ್ಲಿಂದ ತಂದ್ರಿ?" ಎಂದು ಕೂಗಿದೆ.

"ಖಾರಾ? ಚಾಚಾನ ಅಂಗಡಿಯಿಂದ. ಯಾವಾಗ್ಲೂ ಅಲ್ಲೇ ತರ್ತೇನಿ."

"ಖಾರಾ ಅಲ್ರಿ, ಕಾಗದ!"

"ಕಾಗದ ಅವ್ರು ಪುಕಟ ಕೊಡ್ತಾರ."

ಯಾರೋ ಪುಣ್ಯಾತ್ಮರು ವರ್ಷಾನುಗಟ್ಟಲೆ ಕೂಡಿಟ್ಟ ಸಂಚಿಕೆಗಳನ್ನು ರದ್ದಿಗೆ ಹಾಕಿದ್ದರು. ಅವು ಪುಟಪುಟವಾಗಿ ಹರಿದು ಖಾರಾದೊಂದಿಗೆ ನನ್ನ ಮನೆಗೆ ಬರತೊಡಗಿದವು. ಹಿಂದುಮುಂದಾಗಿ! ಒಂದು ಪೊಟ್ಟಣದಲ್ಲಿ ಇಬ್ಬರೂ ಕೈಕೈ ಹಿಡಿದು ಹಾರುತ್ತಿದ್ದಾರೆ. ಇನ್ನೊಂದರಲ್ಲಿ ಮಿಂಚುಳ್ಳಿ ಬಿಳಿ ಉಡುಪು ತೊಟ್ಟು ಅಳುತ್ತಿದ್ದಾಳೆ. ಕಾನ್ವೆಂಟಿನ ಲೆಕ್ಕದಲ್ಲಿ ಅದು ಮದುವೆ, ನಮ್ಮ ಮನೆಯ ಲೆಕ್ಕದಲ್ಲಿ ಸಾವು. ಯಾವುದೆಂದು ನೋಡೋಣವೆಂದರೆ ಕೆಳಗಿನ ಅರ್ಧ ಪುಟವೇ ಇಲ್ಲ. ಮತ್ತೊಂದು ಪೊಟ್ಟಣ ಬಹಳ ವರ್ಷ ಈಚಿನದು. ಕಥೆ ಬರೆಯುವವರು ಹಳೆಯದೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದ್ದರು. ಸಿಡಿಲವೀರ ಅವಳಿಗೆ ಹೇಳುತ್ತಾನೆ, "ಕ್ಷಮಿಸಿ, ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆ!"

ಆ ದಿನ ನನಗೆ ಊಟ ಸೇರಲಿಲ್ಲ.

ಪುಟಗಳ ಮೇಲೆ ಜೋಳದ ಹಿಟ್ಟು ಉದುರಿಸಿ, ಎಣ್ಣೆ ಹೀರಿಸಿ, ಹಾಸಿಗೆಯ ಕೆಳಗೆ ಜೋಡಿಸಿಟ್ಟೆ. ಎಷ್ಟೋ ಪುಟ ಸಿಕ್ಕವು, ಆ ನೀರಿನ ಟ್ಯಾಂಕಿನ ಕಥೆಯ ಮುಂದಿನ ಪುಟವೊಂದು ಬಿಟ್ಟು. ಅವನು ಏನು ಹೇಳಿದ? ಅದೊಂದು ತಿಳಿಯದೆ ಸಾಯಲಾರೆ ಎನಿಸಿತು. ಇವರಿಗೆ ಹೇಳಿದೆ, "ಇನ್ನಷ್ಟು ಖಾರಾ ತರ್ರಿ."

"ನಿನಗ ಖಾರಾ ಸೇರಾಕ ಹತ್ತಿತೇನು?" ಎಂದರು. ಮುಖದಲ್ಲಿ ಎಂದೂ ಕಾಣದ ನಗು. ನಿಜ ಹೇಳಬಹುದಿತ್ತು. ಆದರೆ ಐವತ್ತು ದಾಟಿದ ಗೃಹಿಣಿಗೆ, ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟವನ ಮದುವೆಯ ಚಿಂತೆ ಎಂದು ಯಾವ ಬಾಯಿಂದ ಹೇಳಲಿ? ತಲೆಯಾಡಿಸಿದೆ. ಮರುದಿನ ಅವರು ಸಡಗರದಿಂದ ಚೀಲ ತೆರೆದರು. ಒಳಗೆ ಫಳಫಳ ಹೊಳೆಯುವ ಪ್ಲಾಸ್ಟಿಕ್ ಡಬ್ಬಿ!

"ಮನ್ಯಾಗ ಇಷ್ಟಪಟ್ಟಾರ, ಚಲೋ ಪ್ಯಾಕ್ ಮಾಡಿ ಕೊಡ್ರಿ ಅಂದೆ. ನೋಡು, ಎಣ್ಣಿ ಹತ್ತಂಗಿಲ್ಲ."

ಮದುವೆಯಾದಾಗಿನಿಂದ ನನಗೋಸ್ಕರ ಅವರು ಅಂಗಡಿಯವನೊಂದಿಗೆ ಮಾತಾಡಿದ್ದು ಅದೇ ಮೊದಲು. ಆಡಬಾರದ ಮಾತನ್ನೇ ಆಡಿ ಬಂದಿದ್ದರು!

ಹಾಗಾಗಿ ನಾನೇ ಹೊರಟೆ. ರದ್ದಿಯನ್ನೇ ಕೇಳಬಾರದಿತ್ತೇ ಎಂದು ನೀವು ಕೇಳಬಹುದು. ಮರ್ಯಾದಸ್ಥ ಮನೆಯ ಹೆಣ್ಣುಮಗಳು ಖಾರಾದ ಅಂಗಡಿಯ ಮುಂದೆ ನಿಂತು ಹರಕು ಕಾಗದ ಬೇಡುವುದೇ? ಛೆ! ಅದಕ್ಕೆ ಉಪಾಯ ಮಾಡಿದೆ.

"ಚಾಚಾ, ಸಣ್ಣ ಸಣ್ಣ ಪುಡಿಕಿ ಕಟ್ರಿ. ಒಂದೊಂದಕ್ಕ ಬ್ಯಾರೆ ಬ್ಯಾರೆ ಕಾಗದ."

"ಎಷ್ಟು ಪುಡಿಕಿ ಬಾಯಾರ?"

ಅವರ ಹಿಂದಿದ್ದ ರದ್ದಿಯ ಗಂಟನ್ನು ನೋಡಿದೆ. "ಆ ಗಂಟು ತೀರೋತನಕ."

ಚಾಚಾ ಗಡ್ಡ ನೀವಿಕೊಂಡರು. "ಅಷ್ಟು ಖಾರಾ! ಮನ್ಯಾಗ ಏನ್ ಕಾರ್ಯ ಐತ್ರಿ?"

"ಲಗ್ನ" ಎಂದುಬಿಟ್ಟೆ. ನನ್ನ ಮನಸ್ಸಿನಲ್ಲಿ ಅದು ಸುಳ್ಳಾಗಿರಲಿಲ್ಲ. "ಭಾಳ ವರ್ಷದಿಂದ ಕೂಡಿ ಬರವಲ್ದು, ಚಾಚಾ."

ಚಾಚಾನ ಕಣ್ಣು ತುಂಬಿ ಬಂತು. "ಅರೆ! ಲಗ್ನಕ್ಕ ಪುಡಿಕಿ ಕಟ್ಟಿ ಕೊಡ್ತಾರೇನ್ರಿ? ನಮ್ಮ ಅಂಗಡಿ ಇಜ್ಜತ್ ಏನಾಗಬೇಕು?" ಎಂದವರೇ ಒಳಗಿನಿಂದ ಒಂದು ದೊಡ್ಡ ತಗಡಿನ ಡಬ್ಬಿ ತಂದರು. ತಳಕ್ಕೆ ಹಾಸಲು ಗಂಟಿನಿಂದ ಒಂದು ಪುಟ ಎಳೆದರು. ಅದರಲ್ಲಿ ನೀರಿನ ಟ್ಯಾಂಕು! ಇಳಿಬಿಟ್ಟ ನಾಲ್ಕು ಕಾಲು!

"ಚಾಚಾ, ಆ ಕಾಗದ ತಳಕ್ಕ ಹಾಕಬ್ಯಾಡ್ರಿ!"

"ಹಾಕಲಿಲ್ಲಂದ್ರ ತಗಡಿನ ವಾಸನಿ ಬರ್ತೈತಿ ಬಾಯಾರ. ಬೀಗರು ಏನಂತಾರ?"

ನನ್ನ ಕಣ್ಣೆದುರೇ ಸಿಡಿಲವೀರ ಮತ್ತು ಮಿಂಚುಳ್ಳಿ ಹತ್ತು ಕಿಲೋ ಖಾರಾದ ಕೆಳಗೆ ಹೂತುಹೋದರು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ನಮ್ಮ ಬಾಜೂ ಮನೆಯ ಕಮಲಕ್ಕ! ವೀಳ್ಯದೆಲೆ ಕೊಳ್ಳಲು ಸವಣೂರಿಗೆ ಬಂದಿದ್ದಳಂತೆ. ಬಸ್ಸಿನವರೆಗೂ ಡಬ್ಬಿಯ ಒಂದು ಬದಿ ಹಿಡಿದು ಬಂದಳು. ಆ ಉಪಕಾರಕ್ಕೆ ಪ್ರತಿಯಾಗಿ ಒಂದೇ ಪ್ರಶ್ನೆ ಕೇಳಿದಳು.

"ಯಾರ ಲಗ್ನ, ಶೋಭಕ್ಕ?"

"ನಿಮಗ ಗೊತ್ತಿಲ್ಲದವರು."

ಅಂದು ನಾನಾಡಿದ ಶುದ್ಧ ಸತ್ಯ ಅದೊಂದೇ. ಅನಾಹುತ ಮಾಡಿದ್ದೂ ಅದೇ.

ಮರುದಿನ ಇವರು "ಬರ್ತೇನಿ" ಎಂದು ಹೊರಟ ಕೂಡಲೇ ಬಚ್ಚಿಟ್ಟಿದ್ದ ಡಬ್ಬಿ ಬರಿದು ಮಾಡಲು ಕುಳಿತೆ. ಪರಾತ ತುಂಬಿತು, ಬೋಗುಣಿಗಳು ತುಂಬಿದವು, ರೊಟ್ಟಿಬುಟ್ಟಿ ತುಂಬಿತು, ಕೊನೆಗೆ ನನ್ನ ಏಕೈಕ ಮಾತುಗಾತಿ ಕುಕ್ಕರೂ ತುಂಬಿತು. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಆಗ ಬಾಗಿಲಲ್ಲಿ ಗಂಗಕ್ಕ ನಿಂತಿದ್ದರು. ಇವರ ಅಕ್ಕ, ಹಾನಗಲ್ಲಿನವರು. ಕಮಲಕ್ಕನ ಫೋನು ಹಾನಗಲ್ಲಿನವರೆಗೂ ಮುಟ್ಟಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ. ನೀರು ಕೊಡ್ಲಿ?"

"ನೀರು ಸುದ್ದಾ ಮುಟ್ಟಂಗಿಲ್ಲ!" ಹೊಸ್ತಿಲ ಮೇಲೆಯೇ ಕುಳಿತರು. ಬೋಗುಣಿಗಳ ಸಾಲನ್ನು ನೋಡಿ ಹಣೆ ಚಚ್ಚಿಕೊಂಡರು. "ಖರೇನ ಐತಿ ಹಂಗಾದ್ರ! ಮಗಳ ಲಗ್ನ ಆಗೇತಿ. ಈ ಮನ್ಯಾಗ ಇನ್ನ ಲಗ್ನ ಆಗಾವ ಯಾರು ಉಳದಾನ? ನನ್ನ ತಮ್ಮ! ದಿನಾ ಸವಣೂರಿಗೆ ಹೋಗ್ತಾನಂತ, ಅಲ್ಲೇ ಯಾವಾಕಿನೋ ನೋಡ್ಯಾನಂತ. ನೀನರ ಎಂಥಾಕಿ ಶೋಭಾ! ಗಂಡನ ಎರಡನೇ ಲಗ್ನಕ್ಕ ನೀನ ಖಾರಾ ತಂದು ಕುಂತೀಯಲ್ಲ!"

ನನಗೆ ನಗು ಬಂತು. ಆಮೇಲೆ ಭಯ ಬಂತು. ಇನ್ನೊಬ್ಬ ಹೆಂಗಸಿನ ಮುಖವನ್ನು ನೆಟ್ಟಗೆ ನೋಡದ ಮನುಷ್ಯನಿಗೆ ನನ್ನಿಂದ ಎಂಥ ಹೆಸರು ಬಂತು! ಬೇರೆ ದಾರಿಯಿಲ್ಲದೆ ಹಾಸಿಗೆ ಎತ್ತಿ, ಪುಟಗಳನ್ನೆಲ್ಲ ತಂದು ಗಂಗಕ್ಕನ ಮುಂದೆ ಹರಡಿದೆ.

"ಇವರದ್ರಿ ಲಗ್ನ."

ಗಂಗಕ್ಕ ಒಂದು ಪುಟ ಎತ್ತಿಕೊಂಡರು. "ಈ ಚಡ್ಡಿಯಾವಂದು?"

ಹಾಸ್ಟೆಲ್ಲಿನಿಂದ ಹಿಡಿದು ಎಲ್ಲ ಹೇಳಿದೆ. ಒಂದೇ ಸವನೆ ಅಷ್ಟು ಮಾತು ನಾನು ಎಂದೂ ಆಡಿದವಳಲ್ಲ. ನಡುವೆ ನೀರು ಕುಡಿದೆ. ಗಂಗಕ್ಕನೂ ಕುಡಿದರು, ಮರೆತು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲು ಬಿಟ್ಟು ಒಳಗೆ ಬಂದು ಪರಾತದ ಪಕ್ಕ ಕುಳಿತು ಮುಷ್ಟಿ ಮುಷ್ಟಿ ಖಾರಾ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಇಷ್ಟ ವರ್ಷ ಆದ್ರೂ ಈಕಿಗೆ ವಯಸ್ಸ ಆಗಿಲ್ಲೇನು?"

"ಇಲ್ರಿ ಅಕ್ಕಾರ. ಅವಾಗೂ ಇಪ್ಪತ್ನಾಲ್ಕು, ಈಗೂ ಇಪ್ಪತ್ನಾಲ್ಕು."

"ಗಂಡ ಇಲ್ಲಲ್ಲ, ಅದಕ್ಕ!" ಎಂದರು. "ಮುಂದ? ಅಂವ ಏನಂದ?"

"ಅದು ಡಬ್ಬಿ ತಳದಾಗ ಐತ್ರಿ."

ಇಬ್ಬರೂ ಸೇರಿ ಡಬ್ಬಿ ಮಗುಚಿದೆವು. ಗಂಗಕ್ಕ ತಳ ಬಡಿದರು, ನಾನು ಕೈ ಹಾಕಿ ಎಳೆದೆ. ಎಣ್ಣೆ ಜಿನುಗುವ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ ಹೇಳಿದೆ. ಮೊದಲ ಚಿತ್ರದಲ್ಲಿ ಚಂದ್ರ. ಎರಡನೆಯದರಲ್ಲಿ ಸಿಡಿಲವೀರ ಅವಳ ಕಡೆ ತಿರುಗುತ್ತಾನೆ. ಮೂರನೆಯದರಲ್ಲಿ ಬಾಯಿ ತೆರೆಯುತ್ತಾನೆ. "ಮಿಂಚುಳ್ಳಿ, ನಾನು..." ಅಷ್ಟರಲ್ಲಿ ಊರಲ್ಲಿ ಸೈರನ್ನು! "ಆಮೇಲೆ ಹೇಳುತ್ತೇನೆ" ಎಂದು ಹಾರಿಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಮಿಂಚುಳ್ಳಿಯ ಬೆನ್ನು ಮಾತ್ರ ಇದೆ. ರೆಕ್ಕೆ ಮಡಿಚಿದೆ. ಕಾಲು ಇನ್ನೂ ಇಳಿಬಿಟ್ಟಿದ್ದಾಳೆ.

"ಹೋದ್ನಾ?" ಎಂದರು ಗಂಗಕ್ಕ.

"ಹೋದ್ರಿ."

"ಇಂವಾ ಥೇಟ್ ನಮ್ಮ ತಮ್ಮನಂಗ ಅದಾನ ನೋಡು!"

ನಾವಿಬ್ಬರೂ ಬಹಳ ನಕ್ಕೆವು. ನಕ್ಕು ಮುಗಿದ ಮೇಲೆ ಗಂಗಕ್ಕ ಆ ಕೊನೆಯ ಚಿತ್ರವನ್ನೇ ನೋಡುತ್ತಿದ್ದರು. ಒಲೆಯ ಪಕ್ಕ ತೊಳೆದು ಬೋರಲು ಹಾಕಿದ್ದ ನನ್ನ ಒಂದೇ ಒಂದು ಚಹಾದ ಕಪ್ಪನ್ನೂ ನೋಡಿದರು.

"ನೀನೂ ಹಿಂಗ ಕುಂತಿರ್ತೀ ಏನ ದಿನಾ?"

ಎದೆ ಉರಿ ಮರೆತು ನಾನೂ ಒಂದು ಮುಷ್ಟಿ ಖಾರಾ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಅದರಿಂದಲೇ ಎಂದು ಇಬ್ಬರೂ ಒಪ್ಪಿಕೊಂಡೆವು.

ಸಂಜೆ ಇವರು ಬಂದರು. ಬೋಗುಣಿಗಳನ್ನು ನೋಡಿದರು, ಅಕ್ಕನನ್ನು ನೋಡಿದರು. "ಏನ್ ನಡದೈತಿ ಇಲ್ಲಿ? ಕಚೇರ್ಯಾಗ ಎಲ್ಲಾರೂ ನನ್ನ ಕೈ ಕುಲುಕಾಕತ್ತಾರ!"

ಗಂಗಕ್ಕ ಬಿಡದೆ ಎಲ್ಲವನ್ನೂ ಹೇಳಿದರು. ಟ್ಯಾಂಕು, ಸೈರನ್ನು, ಬೆನ್ನು, ಎಲ್ಲ. ನಾನು ಸೆರಗಿನ ಅಂಚು ನೋಡುತ್ತ ನಿಂತೆ. ಇವರು ಆ ಪುಟವನ್ನು ಬಹಳ ಹೊತ್ತು ನೋಡಿ, ಮಡಿಚದೆ, ಎಣ್ಣೆ ಹತ್ತದ ಮೂಲೆಯನ್ನು ಹಿಡಿದು ಕೆಳಗಿಟ್ಟರು.

"ಚಹಾ ಆತೇನು?" ಎಂದರು.

ಗಂಗಕ್ಕ ಎರಡು ಬೋಗುಣಿ ಖಾರಾ ಕಟ್ಟಿಸಿಕೊಂಡು ಹಾನಗಲ್ಲಿಗೆ ಹೋದರು. ಮನೆ ಮೊದಲಿನಂತಾಯಿತು. ಶುಕ್ರವಾರ ಇವರು ತಡವಾಗಿ ಬಂದರು. ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಬಂದು ನನ್ನ ಮುಂದೆ ಒಂದು ಪೊಟ್ಟಣ ಇಟ್ಟರು.

"ಅಯ್ಯ, ಮತ್ತ ಖಾರಾ ಯಾಕ್ರಿ! ಕುಕ್ಕರ್‌ನ್ಯಾಗ ಇನ್ನೂ ಐತಿ."

"ಖಾರಾ ಬಿಡು. ಕಾಗದ ನೋಡು. ರದ್ದ್ಯಾಗ ಕುಂತು ನಾನ ಹುಡುಕೇನಿ. ಬಸ್ ತಪ್ಪಿತು."

ಬಿಚ್ಚಿದೆ. ಉಬ್ಬಿದ ತೋಳಿನ ಬರಿಮೈ ಗಂಡಸೊಬ್ಬ ಇಡೀ ಬಂಗಲೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ. ಕೆಳಗೆ ಸಿಮೆಂಟಿನ ಜಾಹೀರಾತು.

"ಇಂವನ ಹೌದಲ್ಲ?" ಎಂದರು. ಅವರ ಅಂಗಿಯ ತೋಳಿಗೆಲ್ಲ ರದ್ದಿಯ ಧೂಳು.

"ಹೌದ್ರಿ, ಇಂವನ" ಎಂದೆ. ಜೋಳದ ಹಿಟ್ಟು ತಂದು ಸಿಮೆಂಟಿನವನ ಮೇಲೂ ಉದುರಿಸಿದೆ.

ಅವರು ಸಮಾಧಾನದಿಂದ ಕಾಲು ತೊಳೆಯಲು ಹೊರಟರು. ಬಾಗಿಲಲ್ಲಿ ನಿಂತರು. ತಿರುಗಿದರು.

"ಶೋಭಾ, ನಿನಗೊಂದು ಮಾತು ಹೇಳಬೇಕಂತಿದ್ದೆ."

ನಾನು ಗ್ಯಾಸ್ ಆರಿಸಿದೆ. ಸೆರಗು ಸರಿಪಡಿಸಿಕೊಂಡೆ. ಹೊರಗೆ ಯಾವ ಸೈರನ್ನೂ ಇರಲಿಲ್ಲ, ಕಿವಿಗೊಟ್ಟು ಕೇಳಿದೆ.

"ಹೇಳ್ರಿ."

"ಇನ್ನ ಖಾರಾ ಸಾಕು. ನನಗೂ ಎದಿ ಉರಿ ಶುರು ಆಗೇತಿ."

ಗ್ಯಾಸ್ ಮತ್ತೆ ಹಚ್ಚಿದೆ. ಮಿಂಚುಳ್ಳಿಗಾದರೂ ಹಾರಿಹೋಗಲು ರೆಕ್ಕೆಯಿತ್ತು. ನನ್ನ ಕೈಯಲ್ಲಿದ್ದದ್ದು ಮತ್ತೆ ಪಾವು ಕಿಲೋ ಖಾರಾ!